ಎರಡು ಗಂಟೆಯ ಹೊಳೆದಾರಿ

ಆ ಕಣಿವೆಗೆ ನಡೆಯಲು ಬರುವವರೆಲ್ಲ ಗಡಿಯಾರದಣ್ಣನ ಕಾಲನ್ನು ನಂಬಿದವರೇ. ಮುಖ ನೋಡಿದವರು ಕಡಿಮೆ. ಹೊಳೆಯ ಎರಡೂ ಕಡೆಯ ಬೆಟ್ಟಗಳಲ್ಲಿ ನಲವತ್ತೊಂದು ಕಾಲುದಾರಿಗಳಿವೆ. ಪ್ರತಿ ದಾರಿಯ ಬಾಯಲ್ಲೂ ಒಂದು ಮರದ ಬೋರ್ಡು, ಅದರ ಮೇಲೆ ಮುಂದಿನ ಜಾಗಕ್ಕೆ ಎಷ್ಟು ಹೊತ್ತು ಎಂದು ಹಳದಿ ಅಕ್ಷರ. ಮೂವತ್ತು ವರ್ಷದ ಹಿಂದೆ ದಾರಿ ಕಚೇರಿಯವರು ಅವನ ಕೈಗೆ ಒಂದು ವಾಚು, ಒಂದು ನೋಟ್‌ಬುಕ್ಕು ಕೊಟ್ಟು ಎಲ್ಲವನ್ನೂ ನಡೆದು ಬಾ ಎಂದಿದ್ದರು. ಅವನು ನಡೆದ ಹೊತ್ತೇ ಬೋರ್ಡಿನ ಹೊತ್ತಾಯಿತು. ಆಮೇಲೆ ಅವನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಕಚೇರಿಯ ಜವಾನನಿಗೂ ಚಹಾ ಅಂಗಡಿಯವನಿಗೂ ಅವನು ಗಡಿಯಾರದಣ್ಣ.

ಮನುಷ್ಯ ಒಳ್ಳೆಯವನೇ. ಜಂಬ ಮಾತ್ರ ಒಂದು ಹಿಡಿ ಜಾಸ್ತಿ. ಬೋರ್ಡಿನ ಹೊತ್ತು ಸಾಲಲಿಲ್ಲ ಎಂದು ಯಾರಾದರೂ ದೂರಿದರೆ ಅವರ ಹೊಟ್ಟೆಯ ಸುತ್ತಳತೆ ನೋಡಿ ನಗುತ್ತಿದ್ದ. ಬೋರ್ಡಿನಲ್ಲಿ ಎರಡು ಗಂಟೆ ಎಂದಿದ್ದ ಹೊಳೆದಾರಿಗೆ ಇತ್ತೀಚೆಗೆ ಅವನಿಗೇ ಮೂರು ಗಂಟೆ ಹಿಡಿಯುತ್ತಿತ್ತು. ಮಂಡಿ ಕೈಕೊಟ್ಟಿತು ಎಂದು ಎಣ್ಣೆ ತಿಕ್ಕಿಕೊಂಡನೇ ಹೊರತು ಬೋರ್ಡಿನ ಮೇಲೆ ಅನುಮಾನಪಡಲಿಲ್ಲ.

ಹೊಳೆದಾರಿಯ ಬಗ್ಗೆ ಅವರ ಮನೆಯಲ್ಲಿ ಒಂದು ಕತೆಯೇ ಇತ್ತು. ಆಗ ಅವರ ಮನೆ ಇದ್ದದ್ದು ಹೊಳೆಯಾಚೆ. ಆ ದಾರಿಯನ್ನು ಅಳೆಯಲು ಹೊರಟ ಬೆಳಗ್ಗೆಯೇ, ಹೆಂಡತಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಕಚೇರಿಗೆ ಫೋನು ಬಂತು. ನಡೆಯಬೇಕಾದವನು ಓಡಿದ. ನೀರು ಕುಡಿಯಲೂ ನಿಲ್ಲಲಿಲ್ಲ. ಏರಿನಲ್ಲಿ ಕೈಯೂರಿ ಹತ್ತಿದ, ಇಳಿಜಾರಿನಲ್ಲಿ ಕುಂಡೆಯ ಮೇಲೆ ಜಾರಿದ. ಹೊಳೆ ಮುಟ್ಟಿದಾಗ ವಾಚಿನಲ್ಲಿ ಸರಿಯಾಗಿ ಎರಡು ಗಂಟೆ ಕಳೆದಿತ್ತು. ಬರೆದುಕೊಂಡ. ಮನೆ ಸೇರುವಷ್ಟರಲ್ಲಿ ಮಗಳ ಅಳು ಕೇಳಿಸಿತು. ಇನ್ನೊಮ್ಮೆ ಅಳೆದರಾಯಿತು ಎಂದುಕೊಂಡಿದ್ದು ಸಂಭ್ರಮದಲ್ಲಿ ಮರೆತೇಹೋಯಿತು.

ವರ್ಷವರ್ಷವೂ ಮಗಳು ಹುಟ್ಟಿದ ದಿನ ಊಟಕ್ಕೆ ಕೂತಾಗ ಈ ಕತೆ ಆಗಲೇಬೇಕು. ಅವನು ಹೇಳಬೇಕು, ಜಾರಿದ್ದನ್ನು ಹೆಂಡತಿ ಕುರ್ಚಿಯ ಮೇಲೆ ಜಾರಿ ತೋರಿಸಬೇಕು, ಮಗಳು ನಗಬೇಕು. ಆ ಮಗಳು ಬೆಳೆದು ಅದೇ ಕಚೇರಿಯಲ್ಲಿ ಬೋರ್ಡು ಬರೆಯುವ ಕೆಲಸಕ್ಕೆ ಸೇರಿದಳು. ಮಾಸಿಹೋದ ‘ಎರಡು ಗಂಟೆ’ಯನ್ನು ಮೂರು ಸಲ ಹೊಸದಾಗಿ ಬರೆದವಳು ಅವಳೇ.

ಹೊಳೆಗೆ ಅಲ್ಲಿ ಸೇತುವೆಯಿಲ್ಲ, ದಾಟಲು ಹನ್ನೆರಡು ಕಲ್ಲುಗಳಿವೆ. ಬೆಳಗ್ಗೆ ಕಲ್ಲಿನ ನೆತ್ತಿ ಒಣಗಿರುತ್ತದೆ. ಬಿಸಿಲೇರಿದ ಹಾಗೆ ಮೇಲಿನ ಹಿಮ ಕರಗಿ, ಮಧ್ಯಾಹ್ನದ ಮೇಲೆ ನೀರು ಅವುಗಳ ಮೇಲೇ ಹರಿಯುತ್ತದೆ. ಹನ್ನೆರಡರೊಳಗೆ ದಾಟಿ ಎಂದು ಬೋರ್ಡಿನಲ್ಲೇ ಇದೆ. ಈ ಬೇಸಿಗೆಯಲ್ಲಿ, ಪಟ್ಟಣದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ವಯಸ್ಸಾದ ಗಂಡ ಹೆಂಡತಿ ಒಂಬತ್ತೂವರೆಗೆ ಹೊರಟರು. ಹನ್ನೊಂದೂವರೆಗೆ ಹೊಳೆ ಮುಟ್ಟುತ್ತೇವೆ, ಅರ್ಧ ಗಂಟೆ ಕೈಯಲ್ಲೇ ಉಳಿಯುತ್ತದೆ ಎಂದು ಅವರ ಲೆಕ್ಕ. ಮುಟ್ಟಿದಾಗ ಒಂದೂಕಾಲು. ಬಸ್ಸು ಬರುವುದು ಆಚೆ ದಡಕ್ಕೆ. ನೀರಿನಡಿ ಕಲ್ಲುಗಳು ಇನ್ನೂ ಕಾಣುತ್ತಿದ್ದವು. ಮೊದಲು ನಾನು ನೋಡುತ್ತೇನೆ ಎಂದು ಗಂಡ ಕಾಲಿಟ್ಟ. ಏಳನೇ ಕಲ್ಲಿನವರೆಗೆ ಹೋದ. ಹೆಣ ಸಿಕ್ಕಿದ್ದು ಮೂರನೇ ದಿನ.

ದಾರಿ ಕಚೇರಿಯ ಅಧಿಕಾರಿ ಗಡಿಯಾರದಣ್ಣನನ್ನು ಕರೆದು ವರದಿ ಕೇಳಿದ. ಏನು ಬರೆಯಬೇಕು ಎಂಬುದನ್ನೂ ತಾನೇ ಹೇಳಿಕೊಟ್ಟ: ಫಲಕದಲ್ಲಿನ ಸಮಯ ಸರಿಯಾಗಿದೆ, ನಡೆದವರು ದಾರಿಯಲ್ಲಿ ತಡಮಾಡಿದ್ದಾರೆ. ಗಡಿಯಾರದಣ್ಣ ಬರೆದೂಬಿಟ್ಟ. ಸಹಿ ಹಾಕಲು ಹೋದಾಗ ತಾನು ಓಡಿದ್ದು ನೆನಪಾಯಿತು. ಇಪ್ಪತ್ತೊಂಬತ್ತು ವರ್ಷ ಆ ಕತೆ ಹೇಳಿ ನಗಿಸಿದವನಿಗೆ ಅದರ ಅರ್ಥ ಆದದ್ದು ಆಗ. ನಾಳೆ ಕೊಡುತ್ತೇನೆ ಎಂದು ಕಾಗದ ಮಡಚಿ ಜೇಬಿಗಿಟ್ಟ. ಆ ನಾಳೆ ಒಂಬತ್ತು ದಿನವಾದರೂ ಬರಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಯಾಕೆ, ಅದು ಹೇಡಿತನವೇ.

ಹತ್ತನೇ ದಿನ, ತೀರಿಕೊಂಡವನ ಹೆಂಡತಿ ಹೊಲಿಗೆಯಮ್ಮ ತಾನಾಗಿಯೇ ಕಚೇರಿಗೆ ಬಂದಳು. ದಾರಿ ಅಳೆದವರು ಯಾರು ಎಂದು ಕೇಳಿ, ಅವನ ಮೇಜಿನ ಮುಂದೆ ಕೂತಳು.

“ಮೂರು ಸಲ ಕೂತೆ ನಾನು,” ಎಂದಳು. “ಒಂದು ಸಲ ಬೂಟೊಳಗೆ ಕಲ್ಲು ಸೇರಿತ್ತು. ಎರಡು ಗಂಟೆ ದಾರೀಲಿ ಅಷ್ಟು ಹೊತ್ತು ಏನು ಮಾಡ್ತಿದ್ದೆ ಅಂತ ನನ್ನ ಮಗ ಕೇಳ್ತಾನೆ. ಈಗ ಮಾತೂ ಬಿಟ್ಟಿದ್ದಾನೆ. ನನ್ನ ಜೊತೆ ಒಂದ್ಸಲ ನಡೀರಿ. ಹೊತ್ತು ಎಲ್ಲಿ ಕಳೆದೆ ಅಂತ ತೋರಿಸಿ.”

ಆಗಲೇ ಹೇಳಬಹುದಿತ್ತು. ನಾಳೆ ಬೆಳಗ್ಗೆ ಬನ್ನಿ ಎಂದಷ್ಟೇ ಹೇಳಿದ.

ಮರುದಿನ ಬೆಳಗ್ಗೆ ಆರಕ್ಕೆ ಹೊರಟರು. ಅವಳು ಒಮ್ಮೆಯೂ ಕೂರಲಿಲ್ಲ. ಏರಿನಲ್ಲಿ ಉಸಿರು ಕಟ್ಟಿ ಬಂದರೂ ನಿಲ್ಲಲಿಲ್ಲ. ಇವನು ನೀರಿನ ಬಾಟಲಿ ಚಾಚಿದರೆ, ತಡವಾಗುತ್ತದೆ ಎಂದು ತಲೆಯಾಡಿಸಿದಳು. ಎರಡು ಗಂಟೆ ಮುಗಿದಾಗ ಅವರಿನ್ನೂ ದಾರಿ ಕವಲೊಡೆಯುವ ಬೆಂಚಿನ ಹತ್ತಿರ ಇದ್ದರು. ಹೊಳೆಯ ಸದ್ದೂ ಕೇಳಿಸುತ್ತಿರಲಿಲ್ಲ. ಅವಳು ವಾಚು ನೋಡಿ, ಅವನ ಮುಖ ನೋಡಿ, ಇನ್ನೂ ಬೇಗ ನಡೆಯುತ್ತೇನೆ ಎಂದು ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿದಳು. ಗಡಿಯಾರದಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಹೊಳೆ ಮುಟ್ಟಿದಾಗ ಒಂಬತ್ತೂಕಾಲು. ಕಲ್ಲುಗಳು ಒಣಗಿದ್ದವು. ಏಳನೇ ಕಲ್ಲನ್ನು ನೋಡುತ್ತಾ ಅವಳು ದಡದಲ್ಲಿ ನಿಂತೇ ಇದ್ದಳು.

“ಅಮ್ಮಾ, ಆ ಎರಡು ಗಂಟೆ ನಂದು,” ಎಂದ. “ಅವತ್ತು ನಾನು ನಡೀಲಿಲ್ಲ, ಓಡಿದ್ದೆ. ಆಚೆ ದಡದಲ್ಲಿ ನನ್ನ ಮಗಳು ಹುಟ್ತಿದ್ಲು. ನೀವು ತಡ ಮಾಡ್ಲಿಲ್ಲ.”

ಅವಳು ಬಟ್ಟೆ ಹೊಲಿಸಲು ಬಂದವರನ್ನು ನೋಡುವಂತೆ ಅವನನ್ನು ಹೆಗಲಿಂದ ಹಿಮ್ಮಡಿಯವರೆಗೆ ನೋಡಿದಳು.

“ನಾವು ಹಾಕ್ಕೊಳ್ಳೋರ ಅಳತೆ ತಗೊಂಡು ಹೊಲೀತೀವಿ,” ಎಂದಳು. “ನೀವು ನಿಮ್ಮ ಅಳತೆ ತಗೊಂಡು ಎಲ್ಲರಿಗೂ ಹೊಲಿದ್ರಿ.”

ಹೋಗಲಿ ಬಿಡಿ ಎನ್ನಲಿಲ್ಲ. ಯಾಕೆ ಅನ್ನಬೇಕು? ದಿಬ್ಬ ಹತ್ತಿ ಫೋನಿಗೆ ಸಿಗ್ನಲ್ ಹುಡುಕಿ, ಮಗನ ನಂಬರು ಒತ್ತಿ ಗಡಿಯಾರದಣ್ಣನ ಕೈಗೆ ಕೊಟ್ಟಳು. ನನಗೆ ಹೇಳಿದ್ದನ್ನು ಅವನಿಗೂ ನೀವೇ ಹೇಳಿ ಎಂದಳು. ಅವನು ಒಂದಕ್ಷರ ಬಿಡದೆ ಹೇಳಿದ. ಆ ಕಡೆಯಿಂದ ಬಂದ ಬೈಗುಳವನ್ನೂ ಒಂದಕ್ಷರ ಬಿಡದೆ ಕೇಳಿಸಿಕೊಂಡ. ಕೊನೆಗೆ ಮಗ ಅಮ್ಮನಿಗೆ ಕೊಡಿ ಎಂದ. ಫೋನು ಕಿವಿಗಿಟ್ಟುಕೊಂಡ ಮೇಲೆ ಹೊಲಿಗೆಯಮ್ಮ ನೆಲಕ್ಕೆ ಕುಸಿದು ಕೂತಳು, ಜೋರಾಗಿ ಅತ್ತಳು.

ಜೇಬಿನ ವರದಿಯನ್ನು ಹರಿದು ಅವನು ಹೊಸದು ಬರೆದ. ಉಳಿದ ನಲವತ್ತು ದಾರಿಗಳನ್ನೂ ಮತ್ತೆ ಅಳೆಯಬೇಕು ಎಂಬ ಸಾಲನ್ನು ಅಧಿಕಾರಿ ಹೊಡೆದುಹಾಕಿದ. ಗಡಿಯಾರದಣ್ಣನನ್ನು ಉಗ್ರಾಣಕ್ಕೆ ಹಾಕಿದರು.

ಮಗಳಿಗೆ ಅವನೇ ಹೇಳಿದ. ಅವಳು ಹೊಳೆದಾರಿಯ ಬೋರ್ಡನ್ನು ಉಜ್ಜಿ ಹಳೆಯ ಬಣ್ಣ ತೆಗೆಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದ್ದು ಒಂದೇ ಮಾತು:

“ಮೂರು ಸಲ ನಾನೇ ಬರೆದೆ, ಅಲ್ವಾ ಅಪ್ಪ?”

‘ನಾಲ್ಕು ಗಂಟೆ’ ಎಂದು ಬರೆದು ಒಣಗಲು ಇಟ್ಟಳು.

ಆ ವರ್ಷವೂ ಅವಳು ಹುಟ್ಟಿದ ದಿನ ಬಂತು. ಮೂವರೂ ಊಟಕ್ಕೆ ಕೂತರು. ಕತೆಯ ಹೊತ್ತಾದಾಗ ಹೆಂಡತಿ ಸುಮ್ಮನೆ ಇನ್ನೊಂದು ಸೌಟು ಬಡಿಸಿದಳು. ಮಗಳು ಊಟ ಮುಗಿಸಿ, ತನ್ನ ತಟ್ಟೆ ತೊಳೆದಿಟ್ಟು, ಮುಂದಿನ ವರ್ಷದಿಂದ ಈ ದಿನ ಏನೂ ಮಾಡುವುದು ಬೇಡಮ್ಮ ಎಂದಳು.