ಜ್ವರ ಇಳಿದ ಮೇಲೆ ಹೇಳಿದ ಸುದ್ದಿ

ಇಳಕಲ್ಲಿನ ನಮ್ಮ ಓಣಿಯ ನಾಲ್ಕಾರು ಮನೆಗಳಲ್ಲಿ ಇನ್ನೂ ಕೈಮಗ್ಗ ಸದ್ದು ಮಾಡುತ್ತಿದ್ದ ದಿನಗಳವು. ಮೊಬೈಲಿನಲ್ಲಿ ಮುಖ ನೋಡಿ ಮಾತಾಡುವುದು ನಮಗೆ ಹೊಸ ಸಡಗರ. ಯಾರದಾದರೂ ಕಾಲ್ ಬಂದರೆ ಅಡುಗೆಮನೆಯಲ್ಲಿದ್ದವರು, ಹಿತ್ತಿಲಲ್ಲಿದ್ದವರು ಎಲ್ಲರೂ ಓಡಿ ಬಂದು ಅಂಗೈಯಗಲದ ಆ ಪರದೆಯೊಳಗೆ ಮುಖ ತೂರಿಸುತ್ತಿದ್ದೆವು. ನಾನಾಗ ಏಳನೇ ಇಯತ್ತೆ. ಆ ವರ್ಷ ನಮ್ಮ ಮನೆಗೆ ಡೆನ್ಮಾರ್ಕ್ ದೇಶದಿಂದ ಒಬ್ಬ ಹುಡುಗಿ ಬಂದಳು.

ಅಪ್ಪನದು ಬಜಾರದಲ್ಲಿ ಸೀರೆ ಅಂಗಡಿ. ಅವನು ಸದಸ್ಯನಾಗಿದ್ದ ಕ್ಲಬ್ಬಿನವರು ಇಲ್ಲಿಯ ಮಕ್ಕಳನ್ನು ಒಂದು ವರ್ಷ ಪರದೇಶಕ್ಕೆ ಕಳಿಸಿ, ಅಲ್ಲಿಯ ಮಕ್ಕಳನ್ನು ಇಲ್ಲಿಗೆ ಕರೆಸುತ್ತಿದ್ದರು. ಬರುವ ಹುಡುಗಿಯನ್ನು ಯಾರ ಮನೆಯಲ್ಲಿ ಇಟ್ಟುಕೊಳ್ಳುತ್ತೀರಿ ಎಂದಾಗ ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರಂತೆ. ಅಪ್ಪ ಕೈ ಎತ್ತಿ ಬಂದಿದ್ದ. ಅವ್ವ ಅಂಜಿದಳು.

“ಎಣ್ಣಿ ಖಾರಾ ಕಂಡ ಮಂದಿ ಅಲ್ಲರಿ ಅವರು. ನಮ್ಮ ಮನ್ಯಾಗ ಏನಾರ ಆದ್ರ ಯಾರು ಜವಾಬು?” ಅಂದಳು.

“ಬರ್ಲಿ ಬಿಡ. ರೊಟ್ಟಿ ತಿನ್ನೂದು ನಾ ಕಲಸ್ತೇನಿ,” ಎಂದು ಅಜ್ಜಿ ಮಾತು ಮುಗಿಸಿದಳು. ಅಜ್ಜಿ ಅಂದರೆ ಅಪ್ಪನ ಅವ್ವ. ಮನೆಯಲ್ಲಿ ಅವಳು ಮುಗಿಸಿದ ಮಾತನ್ನು ಮತ್ತೆ ಯಾರೂ ಶುರು ಮಾಡುತ್ತಿರಲಿಲ್ಲ.

ಹುಡುಗಿಯ ಹೆಸರು ಲೀನೆ. ಹದಿನಾರು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಬಂದ ದಿನವೇ ಅಜ್ಜಿ ಅವಳನ್ನು ಲೀನವ್ವ ಮಾಡಿದಳು. ಪಾಪ, ಮೊದಮೊದಲು ಅವಳು ಪಟ್ಟ ಪಾಡು ಒಂದೆರಡಲ್ಲ. ಬಚ್ಚಲಲ್ಲಿ ತಂಬಿಗೆ ಹಿಡಿದು ಎಷ್ಟು ಹೊತ್ತಾದರೂ ಹೊರಗೆ ಬರುತ್ತಿರಲಿಲ್ಲ. ಕೆಂಪು ಚಟ್ನಿ ತಿಂದು ಕಣ್ಣಲ್ಲಿ ನೀರು ಸುರಿಸುತ್ತ “ಚಲೋ ಐತಿ” ಅನ್ನುತ್ತಿದ್ದಳು. ಅವ್ವ ನೀರು ಕೊಟ್ಟರೂ ಥ್ಯಾಂಕ್ಸ್, ರೊಟ್ಟಿ ಹಾಕಿದರೂ ಥ್ಯಾಂಕ್ಸ್. ಒಂದು ದಿನ ಅವ್ವನಿಗೆ ಸಿಟ್ಟೇ ಬಂತು. “ಮನಿ ಮಗಳು ಹಂಗ ಅಂತಾಳೇನು? ನಾ ಏನು ಖಾನಾವಳಿ ಇಟ್ಟೇನೇನು?” ಅಂದಳು. ಲೀನೆ ತಬ್ಬಿಬ್ಬಾಗಿ ಅದಕ್ಕೂ ಒಂದು ಥ್ಯಾಂಕ್ಸ್ ಹೇಳಿದಳು.

ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಾಗಿಲು. ಮನಸ್ಸು ಭಾರವಾದಾಗ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುವುದು ಅವರ ಕಡೆಯ ರೂಢಿ. ನಮ್ಮಲ್ಲಿ ಹಾಡುಹಗಲಲ್ಲಿ ಬಾಗಿಲು ಹಾಕಿದರೆ ಒಳಗೆ ಏನೋ ಅನಾಹುತವಾಗಿದೆ ಎಂದೇ ಅರ್ಥ. ಅವಳು ಹಾಕುವುದು, ಅಜ್ಜಿ ತೆಗೆಯುವುದು. ತೆಗೆದು ಪಕ್ಕದಲ್ಲಿ ಕೂತು ಎಲೆಅಡಿಕೆ ಮೆಲ್ಲುತ್ತ ಓಣಿಯ ಸುದ್ದಿಯೆಲ್ಲ ಹೇಳುವುದು. ಹುಡುಗಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ದೀಪಾವಳಿ ಹೊತ್ತಿಗೆ ಅವಳೇ ಬಾಗಿಲು ಹಾಕುವುದನ್ನು ಬಿಟ್ಟಳು. ಬೇಜಾರಾದರೆ ನೇರ ಅಡುಗೆಮನೆಗೆ ಬಂದು, ರೊಟ್ಟಿ ಬಡಿಯುವ ಅಜ್ಜಿಯ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಿದ್ದಳು. ಆ ದೃಶ್ಯ ನನಗೆ ಹೊಟ್ಟೆಕಿಚ್ಚು ತರುತ್ತಿತ್ತು. ಅಜ್ಜಿಯ ಬೆನ್ನು ಅದುವರೆಗೆ ನನ್ನೊಬ್ಬಳದಾಗಿತ್ತು.

ಲೀನೆಗೆ ಅಪ್ಪ ಇರಲಿಲ್ಲ. ಅವ್ವ ನರ್ಸ್, ಹಗಲು ರಾತ್ರಿ ಪಾಳಿ. ಅವಳನ್ನು ಬೆಳೆಸಿದವನು ಅವ್ವನ ಅಪ್ಪ. ಆ ಮುದುಕ ಭಾನುವಾರಕ್ಕೊಮ್ಮೆ ಪರದೆಯ ಮೇಲೆ ಬರುತ್ತಿದ್ದ. ಗುಲಾಬಿ ಮುಖ, ಉಣ್ಣೆಯ ಟೋಪಿ. ಲೀನೆ ಹೇಳಿಕೊಟ್ಟಿದ್ದ “ಶರಣ್ರೀ”ಯನ್ನು ಕೈಮುಗಿದು ಹೇಳುತ್ತಿದ್ದ. ಪರ ಗಂಡಸೆಂದು ಅಜ್ಜಿ ಮೊಬೈಲಿನ ಎದುರಿಗೂ ತಲೆಯ ಮೇಲೆ ಸೆರಗು ಎಳೆದುಕೊಂಡು, “ಶರಣ್ರೀ ಬೀಗ್ರ, ಆರಾಮ ಅದೀರಿಲ್ಲೋ?” ಎಂದು ಕೂಗುತ್ತಿದ್ದಳು. ಅಷ್ಟು ದೂರ ಕೇಳಿಸಬೇಕಲ್ಲ! ಅವನು ಕಿಟಕಿಯಾಚೆಯ ಹಿಮ ತೋರಿಸುತ್ತಿದ್ದ, ಇವಳು ಬುಟ್ಟಿಯಲ್ಲಿದ್ದ ರೊಟ್ಟಿ ತೋರಿಸುತ್ತಿದ್ದಳು. ಇಬ್ಬರೂ ಮನಸಾರೆ ನಗುತ್ತಿದ್ದರು.

ಜೋಳ ಹಾಲುಗಾಳಾದ ಕಾಲದಲ್ಲಿ ಹುನಗುಂದ ರಸ್ತೆಯ ನಮ್ಮ ಹೊಲಕ್ಕೆ ಸೀತನಿ ತಿನ್ನಲು ಹೋದೆವು. ಕುಳ್ಳಿನ ಕೆಂಡದಲ್ಲಿ ಹಸಿ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿಬಿಸಿ ಕಾಳನ್ನು ಬೆಲ್ಲ, ಶೇಂಗಾ ಚಟ್ನಿಪುಡಿಯ ಜೊತೆ ತಿನ್ನುವುದು. ಲೀನೆ ಮುಖಕ್ಕೆಲ್ಲ ಮಸಿ ಮಾಡಿಕೊಂಡಿದ್ದಳು. ಹೊಲದ ಮೂಲೆಯಲ್ಲಿ ನಮ್ಮ ಅಜ್ಜನನ್ನು ಮಣ್ಣು ಮಾಡಿದ ಗದ್ದುಗೆಯಿದೆ. ಅಜ್ಜಿ ಅದರ ಮೇಲೂ ನಾಲ್ಕು ಕಾಳಿಟ್ಟಳು. “ಮುಂಜಾನಿ ಹೋದ್ರು, ಹೊತ್ತು ಮುಳುಗೂದ್ರಾಗ ಇಲ್ಲಿ ತಂದು ಕುಂದರಿಸಿದ್ವಿ,” ಎಂದು ಲೀನೆಗೆ ಹೇಳಿದಳು. ಅವಳು ತಲೆಯಾಡಿಸಿದಳು. ಎಷ್ಟು ತಿಳಿಯಿತೋ ಏನೋ.

ಅದಾಗಿ ಕೆಲವೇ ದಿನಕ್ಕೆ ಅವಳಿಗೆ ಜ್ವರ ಹತ್ತಿತು. ದವಾಖಾನೆಯಲ್ಲಿ ಟೈಫಾಯ್ಡ್ ಅಂದರು. ಸಲಾಯಿನ್ ಹಚ್ಚಿ ಮನೆಗೆ ಕಳಿಸಿದರು. ಬೆಳಕು ಕಂಡರೆ ಕಣ್ಣು ಮುಚ್ಚುತ್ತಿದ್ದಳು. ಮೊಬೈಲು ನೋಡಿ ಕಣ್ಣು ಕೆಡಿಸಿಕೊಳ್ಳಬಾರದೆಂದು ಅವ್ವ ಅದನ್ನು ತೆಗೆದು ಕಪಾಟಿನಲ್ಲಿಟ್ಟಳು. ಜ್ವರದ ವಿಷಯವನ್ನು ಅಪ್ಪ ಕ್ಲಬ್ಬಿನ ಕಾರ್ಯದರ್ಶಿಗೆ ತಿಳಿಸಿದ, ಅವರು ಅವಳ ಅವ್ವನಿಗೆ ತಿಳಿಸಿದರು.

ಮಧ್ಯಾಹ್ನ ಎಂದೂ ಅಂಗಡಿ ಬಿಟ್ಟು ಬಾರದ ಅಪ್ಪ ಮೂರನೇ ದಿನ ಬಂದ. ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. ನಾನು ಅಲ್ಲೇ ಲೀನೆಯ ಹಣೆಗೆಂದು ಬಟ್ಟೆ ಹಿಂಡುತ್ತಿದ್ದೆ.

“ಸೆಕ್ರೆಟರಿ ಫೋನ್ ಮಾಡಿದ್ರು. ಲೀನವ್ವನ ಅಜ್ಜ ಹೋಗ್ಯಾರಂತ. ನಿನ್ನೆ, ಮಲಗಿದಲ್ಲೇ.”

ಅಜ್ಜಿಯ ಕೈಯಲ್ಲಿನ ಹಿಟ್ಟು ಕೈಯಲ್ಲೇ ಉಳಿಯಿತು. “ಶಿವನ...” ಅಂದಳು. ಆಮೇಲೆ, “ನಿನ್ನೆ ಅಂದ್ರ ಮಣ್ಣಾಗಿರಬೇಕಲ್ಲ,” ಅಂದಳು.

“ಆಗಿರ್ತೈತಿ ಯವ್ವಾ.”

ಯಾರೂ ಕೇಳಿ ನೋಡಲಿಲ್ಲ. ಕೇಳುವಂಥದ್ದು ಅದರಲ್ಲೇನಿದೆ? ನಮ್ಮಲ್ಲಿ ಮುಂಜಾನೆ ಹೋದವರನ್ನು ಸಂಜೆಯೊಳಗೆ ಮಣ್ಣಿಗೆ ಕೊಡುತ್ತೇವೆ. ಬಾದಾಮಿಯಿಂದ ಬರುವ ಮಗಳಿಗಾಗಿ ಎರಡು ತಾಸು ಕಾದರೆ ಅದೇ ದೊಡ್ಡದು. ಬೇರೆ ಕಡೆ ಬೇರೆ ಥರ ಇರಬಹುದೆಂಬುದು ನಮ್ಮ ಕನಸಿನಲ್ಲೂ ಬಂದಿರಲಿಲ್ಲ.

“ಫೋನಿನ್ಯಾಗ ಹೇಳೂದು ಬ್ಯಾಡ, ನೀವ ಬಾಜೂಕ ಕುಂತು ಕೈ ಹಿಡದು ಹೇಳ್ರಿ, ಆಮ್ಯಾಲ ಆಕಿನ ನನಗ ಫೋನ್ ಮಾಡ್ಲಿ ಅಂದಾಳಂತ ಆಕಿ ಅವ್ವ,” ಅಂದ ಅಪ್ಪ. “ಹೇಳ್ತೇವ್ರಿ ಅಂತ ಹೇಳೇನಿ.”

“ಹೇಳೂಣು. ಯಾರು ಬ್ಯಾಡ ಅಂದಾರ?” ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಜ್ವರ ಇಳೀಲಿ. ಹೊಟ್ಟಿಗೆ ನಾಕು ತುತ್ತು ಹೋಗ್ಲಿ. ಮಣ್ಣಾಗಿ ಹೋದ ಮ್ಯಾಲ ಇವತ್ತ ಹೇಳಿದ್ರೇನು, ನಾಳೆ ಹೇಳಿದ್ರೇನು? ಕೂಸು ಪರದೇಶದಾಗ ಬಿದ್ದೈತಿ. ಅಳಾಕ ಸೈತ ಮೈಯಾಗ ತ್ರಾಣ ಬೇಕಲ್ಲ.”

ಅವ್ವನಿಗೆ ಅದೇ ಸರಿ ಕಂಡಿತು. ಅಪ್ಪನಿಗೂ. ನನಗೂ. ಈಗ ಕೇಳಿದವರು ಏನೇ ಅನ್ನಲಿ, ಆ ಮಾತಿನಲ್ಲಿ ಅಂತಃಕರಣ ಬಿಟ್ಟರೆ ಬೇರೇನೂ ಇರಲಿಲ್ಲ. ಅಂದಿನಿಂದ ಅಜ್ಜಿ ಲೀನೆಯ ಹಾಸಿಗೆ ಬಿಟ್ಟು ಏಳಲಿಲ್ಲ. ಹುಡುಗಿ ಫೋನು ಕೇಳಿದಾಗಲೆಲ್ಲ, “ಕಣ್ಣು ನೋಯ್ತಾವ ಯವ್ವಾ, ಆಮ್ಯಾಲ,” ಎಂದು ಅವಳ ಕೂದಲಲ್ಲಿ ಕೈಯಾಡಿಸುತ್ತಿದ್ದಳು. ಆಚೆ ಮುಖ ತಿರುಗಿಸಿ, ತಾನು ಪರದೆಯಲ್ಲಷ್ಟೇ ಕಂಡ ಆ ಬೀಗನಿಗಾಗಿ ಸದ್ದಿಲ್ಲದೆ ಅಳುತ್ತಿದ್ದಳು.

ವಾರ ಕಳೆದ ಮೇಲೆ ಜ್ವರ ಬಿಟ್ಟಿತು. ಅವ್ವ ಬಿಸಿನೀರಲ್ಲಿ ಮೈ ಒರೆಸಿ, ನುಚ್ಚು ಮಜ್ಜಿಗೆ ಉಣಿಸಿದಳು. ತಟ್ಟೆ ಖಾಲಿಯಾಗುವವರೆಗೆ ಎಲ್ಲರೂ ಕಾದೆವು. ಆಮೇಲೆ ಅಜ್ಜಿ ಅವಳ ಎರಡೂ ಕೈ ಹಿಡಿದು, “ನಿಮ್ಮ ಅಜ್ಜ ಲಿಂಗೈಕ್ಯ ಆದ್ರು, ಯವ್ವಾ,” ಅಂದಳು.

ಲೀನೆಗೆ ತಿಳಿಯಲಿಲ್ಲ. ಅವಳು ನನ್ನ ಮುಖ ನೋಡಿದಳು. ನಮ್ಮ ಮನೆಯಲ್ಲಿ ಬಾಯಿಗೆ ತಾರದ ಆ ಇನ್ನೊಂದು ಶಬ್ದವನ್ನು ನಾನೇ ಹೇಳಬೇಕಾಯಿತು. “ಸತ್ತಾರ, ಅಕ್ಕಾ.”

ಅವಳು ಅಳಲಿಲ್ಲ. ಕೈ ಬಿಡಿಸಿಕೊಂಡು ಫೋನು ಕೊಡಿರೆಂದಳು. ಅವಳ ಅವ್ವ ಪರದೆಯ ಮೇಲೆ ಬಂದಳು. ಕಪ್ಪು ಅಂಗಿ ತೊಟ್ಟಿದ್ದಳು. ಹಿಂದೆ ಕಪ್ಪು ಬಟ್ಟೆಯ ಹತ್ತಾರು ಮಂದಿ ಕಾಫಿ ಬಟ್ಟಲು ಹಿಡಿದು ನಿಂತಿದ್ದರು. ಅವರ ಮಾತು ನಮಗೆ ಅರ್ಥವಾಗಲಿಲ್ಲ.

ಲೀನೆ ಫೋನು ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು. “ಇವತ್ತ ಆತು,” ಅಂದಳು.

“ಏನವ್ವಾ?”

“ಮಣ್ಣು. ಇವತ್ತ. ಈಗ ಚರ್ಚಿನಿಂದ ಬಂದಾರ.” ಅವಳು ಒಂದೊಂದೇ ಶಬ್ದ ಹುಡುಕುತ್ತಿದ್ದಳು. “ನಮ್ಮ ಊರಾಗ ಒಂದು ವಾರ ಇಡ್ತಾರ, ಅಪ್ಪಾಜಿ. ದೂರದವರು ಬರ್ತಾರ ಅಂತ. ಅಮ್ಮ ಟಿಕೀಟು ನೋಡಿಟ್ಟಿದ್ಲು. ನಾ ಫೋನ್ ಮಾಡ್ಲಿಲ್ಲ. ಸುದ್ದಿ ಕೇಳಿ ನನಗ ಒಬ್ಬಾಕಿನ ಇರೂದು ಬೇಕು ಅಂತ ತಿಳಕೊಂಡ್ಲು. ಅದಕ್ಕ ಸುಮ್ಮನ ಕಾದ್ಲು.”

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು, “ಜ್ವರ ಇತ್ತಲ್ಲ ಯವ್ವಾ... ಆ ಜ್ವರದಾಗ ಹೆಂಗ ಹೋಗ್ತಿದ್ದಿ?” ಅಂದಳು.

“ಹೋಗಾಕ ಆಗ್ತಿರ್ಲಿಲ್ಲ ಏನೋ,” ಅಂದಳು ಲೀನೆ. “ಅದನ್ನ ನಾ ಹೇಳಬೇಕಿತ್ತು.”

ಅವಳು ಎದ್ದು ಗೋಡೆ ಹಿಡಿದು ನಡೆದು ಕೋಣೆಯ ಬಾಗಿಲು ಹಾಕಿಕೊಂಡಳು. ಈ ಸಲ ಯಾರೂ ತೆಗೆಯಲಿಲ್ಲ. ಅಜ್ಜಿ ಹೊರಗೆ ನೆಲದ ಮೇಲೆ ಕೂತಳು. ಅವ್ವ ಊಟಕ್ಕೆ ಕರೆದರೆ ಕೈಯಿಂದಲೇ ಬೇಡವೆಂದಳು. ತಾನು ಮುಗಿಸಿದ ಮಾತು ತಪ್ಪಾಗಿತ್ತೆಂದು ಅವಳಿಗೆ ಗೊತ್ತಾದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಲೀನೆ ರೇಗಲಿಲ್ಲ, ಮನೆ ಬಿಟ್ಟು ಹೋಗುತ್ತೇನೆ ಅನ್ನಲಿಲ್ಲ. ಕಾಲೇಜಿಗೆ ಹೋದಳು, ಬಂದಳು, ಕರೆದಾಗ ಉಂಡಳು. ಆದರೆ ರೊಟ್ಟಿ ಬಡಿಯುವ ಹೊತ್ತಿಗೆ ಅಡುಗೆಮನೆಗೆ ಬರಲಿಲ್ಲ. ಅಜ್ಜಿಯ ಬೆನ್ನು ಮತ್ತೆ ನನ್ನದಾಯಿತು, ನನಗದು ಬೇಡವಾಗಿತ್ತು. ಒಂದು ದಿನ ಅಜ್ಜಿ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ನಮ್ಮ ಅಜ್ಜನ ಗದ್ದುಗೆಯ ಮುಂದೆ ನಿಲ್ಲಿಸಿ, ಬೊಗಸೆಯಲ್ಲಿ ಕರಿಮಣ್ಣು ತುಂಬಿ ಕೊಟ್ಟಳು. “ಇಲ್ಲಿ ಹಾಕ ಯವ್ವಾ. ನಿಮ್ಮ ಅಜ್ಜಗ ಮುಟ್ಟತೈತಿ,” ಅಂದಳು. ಲೀನೆ ಆ ಮಣ್ಣನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ ಅದನ್ನು ಗದ್ದುಗೆಗೆ ಹಾಕದೆ ಮೆಲ್ಲಗೆ ಹೊಲದಲ್ಲೇ ಬಿಟ್ಟಳು.

“ಇವರು ನನ್ನ ಅಜ್ಜ ಅಲ್ಲ, ಅಜ್ಜಿ,” ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅಜ್ಜಿಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ.

ಬೇಸಿಗೆ ಮುಗಿಯುವಾಗ ಅವಳು ಹೊರಟಳು. ಅವ್ವ ಅಕ್ಕಿ, ಕೊಬ್ಬರಿ, ಇಳಕಲ್ ಸೀರೆ ಇಟ್ಟು ಉಡಿ ತುಂಬಿದಳು. ಲೀನೆ ಅಜ್ಜಿಯ ಕಾಲಿಗೆ ನಮಸ್ಕರಿಸಿದಳು, ಅಜ್ಜಿ ಅವಳನ್ನು ಎಬ್ಬಿಸಿದಳು. ಆಮೇಲೆ ಹಬ್ಬಹುಣ್ಣಿಮೆಗೆ ಅವಳ ಕಾಲ್ ಬರುತ್ತಿತ್ತು. ಅಜ್ಜಿ ದೂರ ಕೂತು ಕೇಳಿಸಿಕೊಳ್ಳುತ್ತಿದ್ದಳೇ ಹೊರತು ಪರದೆಯ ಮುಂದೆ ಬರಲು ಅಂಜುತ್ತಿದ್ದಳು.

ನಾನು ಪಿಯುಸಿ ಓದುವಾಗ ಒಂದು ಮುಂಜಾನೆ ಅಜ್ಜಿ ಹೋದಳು. ಅಜ್ಜಿಯ ಸ್ವಂತ ಮಗಳಾದ ಬಾದಾಮಿಯ ಅತ್ತೆಗೂ ಹೇಳುವ ಮುಂಚೆ ಅಪ್ಪ ಲೀನೆಗೆ ಫೋನು ಹಚ್ಚಿದ. ಅಲ್ಲಿ ಇನ್ನೂ ಬೆಳಕಾಗಿರಲಿಲ್ಲ. “ಸತ್ತಳವ್ವಾ ನಿಮ್ಮ ಅಜ್ಜಿ,” ಎಂದು ಆ ಶಬ್ದವನ್ನೇ ಹೇಳಿದ.

ಆಚೆ ಕಡೆ ಅವಳು ಜೋರಾಗಿ ಅತ್ತಳು. ತನ್ನ ಅಜ್ಜನಿಗಾಗಿ ನಮ್ಮ ಮುಂದೆ ಅಳದವಳು. ಅಳು ನಿಂತ ಮೇಲೆ ಕೇಳಿದಳು, “ಮಣ್ಣು ಯಾವಾಗ, ಅಪ್ಪಾಜಿ?”

“ಇವತ್ತ ಸಂಜಿಕ.”

“ಎರಡ ದಿನ ಕಾಯ್ರಿ. ನಾ ಬರ್ತೇನಿ.”

ಅಪ್ಪ ಫೋನು ಹಿಡಿದುಕೊಂಡೇ ಪಡಸಾಲೆಗೆ ಬಂದು ಹಿರಿಯರನ್ನು ಕೇಳಿದ. ಅಂಥದ್ದೊಂದನ್ನು ಕೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಯಿತೋ! “ತಲಿ ಕೆಟ್ಟೈತೇನು ನಿನಗ?” ಅಂದರು ಅವರು. ಅಜ್ಜಿಯನ್ನು ಆಗಲೇ ಗೋಡೆಗೆ ಆನಿಸಿ ಕೂರಿಸಿ ವಿಭೂತಿ ಹಚ್ಚಿದ್ದರು, ಹೊಲದಲ್ಲಿ ಕುಣಿ ತೋಡುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಎಲ್ಲ ಮುಗಿಯಿತು.

ಲೀನೆ ಬರಲಿಲ್ಲ. ಇನ್ನೇಕೆ ಬರಬೇಕು? ಈಗ ವರ್ಷಕ್ಕೊಮ್ಮೆ ಸಂದೇಶ ಬರುತ್ತದೆ, ಇಂಗ್ಲಿಷಿನಲ್ಲಿ. ಅಜ್ಜಿ ಕಲಿಸಿದ ಕನ್ನಡ ಅವಳ ಬಾಯಿಂದ ಒಂದೊಂದೇ ಶಬ್ದವಾಗಿ ಉದುರಿಹೋಗಿದೆ. ನಮ್ಮ ಓಣಿಯಲ್ಲೂ ಈಗ ಎಲ್ಲರೂ ಹಗಲಲ್ಲೇ ಬಾಗಿಲು ಹಾಕಿಕೊಳ್ಳುತ್ತಾರೆ. ಅಪ್ಪ ಅಂಗಡಿಯನ್ನು ಬೇಗ ಮುಚ್ಚಿ ಬಂದು ಪಡಸಾಲೆಯಲ್ಲಿ ಕೂರುತ್ತಾನೆ. ಕೂತವನು ಒಮ್ಮೊಮ್ಮೆ ತನ್ನಷ್ಟಕ್ಕೆ, “ಕಾಯಬೇಕಿತ್ತು,” ಅನ್ನುತ್ತಾನೆ. ಕೆಲವು ಸಲ, “ಹೇಳಬೇಕಿತ್ತು,” ಅನ್ನುತ್ತಾನೆ. ಅವ್ವನೂ ನಾನೂ ಕೇಳಿಸದವರಂತೆ ನಮ್ಮ ಕೆಲಸ ಮಾಡುತ್ತಿರುತ್ತೇವೆ.