ಅತ್ತಿಯ ಖೋಲಿಗೆ ಬೇಕಾಗಿದ್ದ ಮಳೆ

ಹಿತ್ತಲಲ್ಲಿ ಒಂದು ಬಚ್ಚಲುಮನೆ ಕಟ್ಟಿಸೋಣವೆಂದು ಹೊರಟರೆ ನಗರಪಾಲಿಕೆಯವರು ಮನೆಯ ಹಳೆಯ ಕಾಗದ ಕೇಳಿದರು. ಹಾಗಾಗಿ ಈ ವಾರ ಅಪ್ಪಾನ ಕಬ್ಬಿಣದ ಕಪಾಟು ತೆಗೆಯಬೇಕಾಯಿತು. ಮಹಾರಾಷ್ಟ್ರಕ್ಕೆ ಸೇರಿದ ನಿಲಂಗಾದ ನಮ್ಮ ಮನೆಯಲ್ಲಿ ಕಾಗದಗಳೆಲ್ಲ ಡಾಂಬರುಗುಳಿಗೆಯ ವಾಸನೆಯಲ್ಲೇ ಮುಪ್ಪಾಗುತ್ತವೆ. ಕೆಳಗಿನ ಖಾನೆಯಲ್ಲಿ ಲಾಡಿ ಕಟ್ಟಿದ ಹಳದಿ ಫೈಲೊಂದು ಸಿಕ್ಕಿತು. ಮೇಲೆ ಅಪ್ಪಾನ ಅಕ್ಷರದಲ್ಲಿ ‘ಅಕ್ಕನ ಖೋಲಿ’, ಅಂದರೆ ಅತ್ತಿಯ ಕೋಣೆ, ಎಂದಿತ್ತು.

ತಕ್ಷಣ ಬಿಚ್ಚಲಿಲ್ಲ. ನೀವು ನಗಬಹುದು, ಆದರೆ ಡೈರಿ ಬರೆಯುವ ಚಟದವರಿಗೆ ಇಂಥದೊಂದು ಹುಚ್ಚಿರುತ್ತದೆ. ಮೊದಲು ನೆನಪಿದ್ದದ್ದನ್ನು ಬರೆದಿಡಬೇಕು, ಆಮೇಲೆ ಕಾಗದ ನೋಡಬೇಕು. ನಾನು ಕಲಬುರಗಿಯಲ್ಲಿ ಇತಿಹಾಸದ ಎಂ.ಎ. ಮಾಡಿದವಳು. ಅಲ್ಲಿ ಕಲಿತದ್ದರಲ್ಲಿ ಇಂದಿಗೂ ಉಳಿದಿರುವುದು, ಸಾಕ್ಷಿಯನ್ನು ಸುಮ್ಮನೆ ನಂಬಬಾರದು ಎಂಬುದೊಂದೇ. ಅದರಲ್ಲೂ ಸಾಕ್ಷಿ ನಾನೇ ಆಗಿದ್ದರೆ. ಆದ್ದರಿಂದ ಲಾಡಿ ಬಿಚ್ಚುವ ಮುಂಚೆ, ಇಷ್ಟು ವರ್ಷ ಮದುವೆಮನೆಗಳಲ್ಲಿ, ಬಸ್ಸುಗಳಲ್ಲಿ ಹೇಳುತ್ತ ಬಂದ ಕಥೆಯನ್ನು ನಿಮಗೂ ಹೇಳಿಬಿಡುತ್ತೇನೆ.

ಅತ್ತಿ ಅಂದರೆ ಅಪ್ಪಾನ ಅಕ್ಕ. ಮದುವೆಯಾಗಲಿಲ್ಲ. ಯಾಕೆ ಅಂದರೆ ‘ವ್ಯಾಳ್ಯಾ ಸಿಗಲಿಲ್ಲ’ ಅನ್ನುತ್ತಾಳೆ. ದಿನಾ ಬಸ್ಸು ಹತ್ತಿ ಔರಾದ ಶಹಾಜನಿಯ ಶಾಲೆಗೆ ಹೋಗಿ, ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಕಲಿಸಿದಳು. ಊರಿಗೆಲ್ಲ ಆಕೆ ‘ಬಾಯಿ’; ಇಲ್ಲಿ ಟೀಚರಮ್ಮನನ್ನು ಕರೆಯುವುದು ಹಾಗೆಯೇ. ಆದರೆ ಬಾಯಿಯ ಮಂಚವಿದ್ದದ್ದು ಪಡಸಾಲೆಯಲ್ಲಿ, ಬೀದಿಬಾಗಿಲಿಗೂ ಅಡುಗೆಮನೆಗೂ ನಟ್ಟನಡುವೆ. ಬಂದವರು ಕೂರುವುದು ಅದರ ಮೇಲೆ, ಒಗೆದ ಬಟ್ಟೆ ಮಡಚುವುದು ಅದರ ಮೇಲೆ. ಅಪ್ಪಾನ ಅಂಗಡಿಯ ಅರಿವೆಯ ಗಂಟುಗಳು ಒಳಗೆ ಬರುವಾಗ ‘ಅಕ್ಕಾ, ಜರಾ ಕಾಲ ತಗಿ’ ಎಂಬ ಕೂಗು ಬೇರೆ. ಅತ್ತಿ ಪತ್ರಿಕೆಯಿಂದ ಕಣ್ಣೆತ್ತದೆ ಕಾಲು ಮೇಲೆಳೆದುಕೊಳ್ಳುತ್ತಿದ್ದಳು.

ನಿವೃತ್ತಿಯ ದಿನ ಶಾಲೆಯವರು ಶಾಲು ಹೊದಿಸಿ ಕಳಿಸಿದರು. ಅದನ್ನು ಹೊದ್ದುಕೊಂಡೇ ಮನೆಗೆ ಬಂದು ಅಂದಳು, ‘ತಮ್ಮಾ, ನಂಗೊಂದು ಬಾಗಲಾ ಬೇಕು.’

‘ಪಡಸಾಲಿಗಿ ಎರಡ ಅವಲ್ಲಕ್ಕಾ,’ ಅಂದ ಅಪ್ಪಾ.

‘ಅವು ಎಲ್ಲಾರವು. ನಂಗ ಒಳಗಿಂದ ಚಿಲಕ ಹಾಕ್ಕೊಳ್ಳೋದು ಬೇಕು.’

ಹೀಗೆ ಪಡಸಾಲೆಯ ಮಗ್ಗುಲಿಗೆ ಒಂದು ಕೋಣೆ ಹುಟ್ಟಿತು. ನಕಾಶೆ ಮಂಜೂರಾಯಿತು, ಗೋಡೆ ಎದ್ದವು. ಸ್ಲ್ಯಾಬಿಗೆ ಹಿಡಿಸುವಷ್ಟು ನೀರು ಕೊಟ್ಟು ಬಾವಿ ತನ್ನ ತಳ ತೋರಿಸಿತು. ಆ ಬರದ ವರ್ಷಗಳು ನಮ್ಮ ಕಡೆಯವರಿಗೆ ಗೊತ್ತೇ ಇವೆ. ಎಂಟು ದಿನಕ್ಕೊಮ್ಮೆ ಟ್ಯಾಂಕರು. ನೆಂಟರು ಬಂದರೆ ತಮ್ಮ ನೀರಿನ ಬಾಟಲಿ ತಾವೇ ತರುತ್ತಿದ್ದರು. ‘ಸ್ನಾನ ಆತೇನ್ರಿ’ ಎಂದು ಯಾರನ್ನಾದರೂ ಕೇಳುವುದು ಮರ್ಯಾದೆ ಬಿಟ್ಟ ಮಾತಾಗಿತ್ತು.

ಕೆಲಸ ಮುಗಿಯಿತೆಂಬ ದಾಖಲೆಗೆ ಸಹಿ ಹಾಕಲು ನಗರಪಾಲಿಕೆಯ ಎಂಜಿನಿಯರ್ ಸಾಹೇಬರು ಬಂದರು. ವಯಸ್ಸು ಚಿಕ್ಕದು, ಅಕ್ಕಲಕೋಟೆ ಕಡೆಯವರು, ಕಚೇರಿಯಲ್ಲಿ ಮರಾಠಿ, ನಮ್ಮನೆಯಲ್ಲಿ ಕನ್ನಡ. ಟೇಪು ಹಿಡಿದು ಅಳೆದರು, ಕಿಟಕಿ ತೆಗೆದು ಮುಚ್ಚಿ ನೋಡಿದರು, ತಲೆದೂಗಿದರು. ಕೊನೆಗೆ ಮಾಳಿಗೆಯಿಂದ ಇಂಗುಗುಂಡಿಗೆ ಇಳಿದ ಮಳೆನೀರಿನ ಪೈಪನ್ನು ಬೆರಳಿನಿಂದ ಟಕಟಕ ಬಡಿದರು.

‘ಇದರಾಗ ನೀರ ಇಳಿಯೋದು ನೋಡಿದ ಮ್ಯಾಲ ಸಹಿ ರೀ. ಮಂದಿ ಪೈಪ ಹಾಕ್ತಾರ, ಪೈಪಿನ ಕಡಿಗಿ ಉತಾರ ಕೊಡೋದ ಮರೀತಾರ. ನೀರೆಲ್ಲ ಮಾಳಗಿ ಮ್ಯಾಲೇ ನಿಲ್ತದ.’

‘ಸಾಹೇಬ್ರ, ಮಳೀನೇ ಇಲ್ಲಲ್ರೀ,’ ಅಂದ ಅಪ್ಪಾ.

‘ಮಳಿ ನಮ್ಮ ಖಾತ್ಯಾಗ ಬರಂಗಿಲ್ಲ ಕಾಕಾ. ಪೈಪ ಬರ್ತದ.’

ಬೇರೆಯವರಾದರೆ ಸಹಿ ಇಲ್ಲದೆಯೇ ಒಳಗೆ ಮಂಚ ಹಾಕುತ್ತಿದ್ದರು. ಅಪ್ಪಾ ಹಾಗಲ್ಲ, ಸರಕಾರಿ ಕಾಗದ ಬಂತೆಂದರೆ ಕೈಕಾಲು ತೊಳೆದು ಓದುವ ಮನುಷ್ಯ. ಆ ಕಾಲದಲ್ಲಿ ಕೈ ಒರೆಸಿಕೊಂಡು. ಸಹಿ ಆಗುವ ತನಕ ಕೋಣೆಗೆ ಬೀಗ ಹಾಕಿಬಿಟ್ಟ. ಆ ವರ್ಷದ ಮೃಗಶಿರಾ ಮಳೆ ಬರಿದೇ ಹೋಯಿತು, ಮುಂದಿನ ವರ್ಷದ್ದೂ ಹೋಯಿತು. ಅತ್ತಿ ದಿನಾ ಹೊರಗಿನಿಂದ ಕಿಟಕಿಗೆ ಮುಖ ಇಟ್ಟು ತನ್ನ ಕೋಣೆಯನ್ನು ತಾನೇ ಇಣುಕಿ ನೋಡುತ್ತಿದ್ದಳು. ‘ಇವತ್ತ ಒಳಗ ಬಿಸಲಾ ಛಲೋ ಬಿದ್ದದ ನೋಡ,’ ಎಂದು ಬಂದು ವರದಿ ಕೊಟ್ಟು, ಮತ್ತೆ ಪಡಸಾಲೆಯ ಮಂಚದಲ್ಲಿ ಕಾಲು ಮಡಚಿ ಕೂರುತ್ತಿದ್ದಳು.

ಅಷ್ಟರಲ್ಲಿ ಸಾಹೇಬರಿಗೆ ಉದಗೀರಕ್ಕೆ ವರ್ಗವಾಯಿತೆಂಬ ಸುದ್ದಿ ಬಂತು. ಹೊಸಬರು ಬಂದರೆ ನಕಾಶೆಯಿಂದ ಶುರು ಮಾಡಬೇಕು. ಅಪ್ಪಾ, ನಾಲ್ಕು ಕೊಡ ನೀರು ಮಾಳಿಗೆ ಮೇಲೆ ಸುರಿದರಾಯಿತು ಅಂದ. ಒಲೆಯ ಮುಂದಿದ್ದ ಅವ್ವಾ ತಿರುಗಿಯೂ ನೋಡಲಿಲ್ಲ. ‘ಸುರೀರಿ. ಆಮ್ಯಾಲ ಎಂಟ ದಿನ ಪೈಪಿನ್ಯಾಗ ಬಾಯಿ ಇಟ್ಟ ಕುಡೀರಿ.’

ಅತ್ತಿ ಪತ್ರಿಕೆ ಮಡಚಿ ಬದಿಗಿಟ್ಟಳು. ಆಮೇಲೆ ಅಂದಳು, ‘ಟ್ಯಾಂಕರ ಬಂದ ದಿನ ಹ್ಯಾಂಗೂ ಅರಬಿ ಒಗೀತೀವಿ. ಕೆಳಗ ಒಗದರ ಮೋರಿಗಿ ಹೋಗ್ತದ, ಮ್ಯಾಲ ಒಗದರ ಗುಂಡಿಗಿ ಹೋಗ್ತದ.’

ಟ್ಯಾಂಕರ್ ಬಂದ ದಿನ ಓಣಿಯ ನಾಲ್ಕು ಮನೆಯ ಎಂಟು ದಿನದ ಬಟ್ಟೆ ನಮ್ಮ ಮಾಳಿಗೆ ಹತ್ತಿದವು. ಕೊಡಗಳನ್ನು ಹೊತ್ತು ಪಾವಟಿಗೆ ಮೆಟ್ಟಿಲು ಹತ್ತಿದವರಲ್ಲಿ ನಾನೂ ಒಬ್ಬಳು. ಆ ಕೈನೋವು ಇಂದಿಗೂ ನೆನಪಿದೆ, ಅಥವಾ ಹೇಳಿ ಹೇಳಿ ಬಂದದ್ದೋ. ಅಪ್ಪಾ ಕಚೇರಿಗೆ ಹೋಗಿ ಸಾಹೇಬರನ್ನು ಕರೆತಂದ. ಅವರಿಗೆ ಮೇಲಿನ ಸಂಗತಿ ತಿಳಿಯದಂತೆ ಪಡಸಾಲೆಯಲ್ಲೇ ಕೂರಿಸಿ ಚಹಾ ಕೊಡುವ ಹೊಣೆ ನನ್ನದು. ನನ್ನ ಕಥೆಯಲ್ಲಿ ಮುಂದಿನದು ಹೀಗಿದೆ: ಆಕಾಶದಲ್ಲಿ ಒಂದು ಮೋಡ ಬಂತು, ಗುಡುಗಿತು, ಪೈಪು ಗುಳುಗುಳು ಅಂದು ಇಂಗುಗುಂಡಿಗೆ ನೀರು ಧುಮುಕಿತು. ಅಪ್ಪಾನ ಧೋತರಗಳಿಗೆ ಹಾಕಿದ ನೀಲಿಯ ದೆಸೆಯಿಂದ ಅದು ನೀಲಿ ನೀರು. ಸಾಹೇಬರು ಕುರ್ಚಿಯಿಂದ ಏಳಲೇ ಇಲ್ಲ. ಮಳೆಯೆಂದು ನಂಬಿ ಸಹಿ ಹಾಕಿಬಿಟ್ಟರು. ಇಲ್ಲಿಗೆ ಬಂದಾಗ ಕೇಳುವವರು ನಗುತ್ತಾರೆ, ನಾನು ಜಾಣೆಯಾಗುತ್ತೇನೆ.

ಬರೆದು ಮುಗಿಸಿ, ಮೊದಲು ಆ ವರ್ಷದ ನನ್ನ ಡೈರಿ ತೆಗೆದೆ. ‘ಸಾಹೇಬರು ಬಂದಿದ್ದರು. ಚಹಾ ಎರಡು ಸಲ. ಸಹಿ ಆಯಿತು.’ ಇಷ್ಟೇ. ಮೋಡವಿಲ್ಲ, ಗುಡುಗಿಲ್ಲ. ಬರದ ನಡುವೆ ಗುಡುಗು ಕೇಳಿದ್ದರೆ ಯಾರು ಬರೆಯದೆ ಬಿಡುತ್ತಾರೆ?

ಫೈಲಿನ ಲಾಡಿ ಬಿಚ್ಚಿದೆ. ದಾಖಲೆಯ ಕೊನೆಗೆ, ಸಹಿಯ ಮೇಲೆ, ಸಾಹೇಬರ ಸಣ್ಣ ಮರಾಠಿ ಅಕ್ಷರದಲ್ಲಿ ಒಂದು ಷರಾ: ‘ಪಾಣಿ ನಿಳಸರ. ಉತಾರ ಯೋಗ್ಯ.’ ನೀರು ತುಸು ನೀಲಿ. ಇಳಿಜಾರು ಸರಿಯಾಗಿದೆ.

ಎರಡು ಸಲ ಓದಿದೆ. ಆಮೇಲೆ ಫೈಲು ಹಿಡಿದುಕೊಂಡು ಹೋಗಿ ಅತ್ತಿಯ ಬಾಗಿಲು ಬಡಿದೆ. ಮಧ್ಯಾಹ್ನದ ಊಟವಾಗಿ ಆಕೆ ಅಡ್ಡಾಗುವ ಹೊತ್ತು.

‘ಯಾರು?’

‘ನಾ ಅತ್ತಿ.’

‘ತಡೀ.’

ಆಕೆ ಯಾವಾಗಲೂ ಕಾಯಿಸುತ್ತಾಳೆ. ಮೊದಮೊದಲು ವಯಸ್ಸಾಯಿತೆಂದು ತಿಳಿದಿದ್ದೆ. ಅದಲ್ಲ, ಕಾಯಿಸುವುದು ಆಕೆಗೆ ಸೇರುತ್ತದೆ. ಚಿಲಕ ಸರಿಯಿತು. ಷರಾ ಓದಿ ಹೇಳಿದೆ.

‘ಅಂವಾ ಮ್ಯಾಲೇ ಬಂದಿದ್ದನಲ್ಲ,’ ಅಂದಳು. ‘ಬಾಯಿ, ಇದೇನು ಮಳಿ ಏನ್ರಿ, ಅಂದ. ಇಲ್ಲಪ್ಪಾ, ಅರಬಿ ಒಗದ ನೀರು, ನಿನ್ನ ಪೈಪಿಗಿ ಮಳಿ ಬೇಕೋ ನೀರ ಬೇಕೋ, ಅಂದೆ. ನಕ್ಕ. ಕಡೀ ಕೊಡ ತಾನೇ ಎತ್ತಿ ಸುರದ, ಕೆಳಗ ಬಗ್ಗಿ ನೋಡಿದ. ನೀ ಆವಾಗ ಎಲ್ಲಿದ್ದಿ?’

ಎಲ್ಲಿದ್ದೆ? ಅಡುಗೆಮನೆಯಲ್ಲಿ. ಎರಡನೆಯ ಸಲದ ಚಹಾಕ್ಕೆ ನೀರಿಟ್ಟಿದ್ದೆ. ನಾನು ಅಷ್ಟು ಜತನದಿಂದ ಕಾವಲಿದ್ದದ್ದು ಖಾಲಿ ಕುರ್ಚಿಗೆ.

‘ಹಂಗಾದರ ಗುಡುಗು?’ ಕೇಳಿದೆ. ಅದೊಂದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

‘ಯಾವ ಗುಡುಗು? ಅಂವಾ ಖಾಲಿ ಕೊಡ ಇಡ್ಲಿಕ್ಕ ಹೋಗಿ ಕೈ ಬಿಟ್ಟ. ಮ್ಯಾಲಿನ ಪಾವಟಿಗಿಯಿಂದ ತಳದ ತನಕಾ ಉಳ್ಳಕೋತ ಹೋತು. ಸೊಟ್ಟ ಆಗ್ಯದ, ಬೇಕಾದರ ನೋಡು, ಹಿತ್ತಲದಾಗ ತುಳಸಿ ಹಚ್ಚೀನಿ ಅದರಾಗ.’

ದಿನಾ ನೀರೆರೆಯುವ ತುಳಸಿ. ಕೊಡ ಯಾಕೆ ಸೊಟ್ಟಗಿದೆ ಎಂದು ಒಂದು ದಿನವೂ ಕೇಳಿರಲಿಲ್ಲ.

‘ಆತಿಲ್ಲ?’ ಅತ್ತಿ ಬಾಗಿಲಿಗೆ ಕೈ ಹಾಕಿದಳು. ‘ಬಚ್ಚಲಮನಿ ಸಹಿಗಿ ಯಾರರ ಬಂದರ ನನ್ನ ಕರಿ. ನೀ ಚಹಾ ಮಾಡು.’

ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಬಿತ್ತು. ಅಂದಿನ ಡೈರಿಯಲ್ಲಿ ಆ ಸದ್ದನ್ನೇ ಬರೆದೆ, ಎಷ್ಟು ಕೇಳಿತೋ ಅಷ್ಟು.