ನಳದ ಸುಂಯ್, ಸಮುದ್ರದ ಸಪ್ಪಳ

ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟವಳೇ ಬಕೆಟ್ ಹಿಡಿದು ಹಿತ್ತಲಿಗೆ ಓಡಿದೆ. ಸುಂಯ್ ಅಂತ ಸಪ್ಪಳ ಕೇಳಿತ್ತು. ಧಾರವಾಡದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನೀವು ಹೊರಗಿನವರಾದರೆ ಕೇಳಿ. ಎಂಟು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ನೀರಿಗಿಂತ ಮೊದಲು ನಳದಲ್ಲಿ ಗಾಳಿ ಬರುತ್ತದೆ. ಆ ಗಾಳಿ ಸುಂಯ್ ಅನ್ನುತ್ತದೆ. ಅದು ಕಿವಿಗೆ ಬಿದ್ದರೆ ಸಾಕು, ಒಲೆಯ ಮೇಲಿನ ಹಾಲು ಉಕ್ಕಿದರೆ ಉಕ್ಕಲಿ ಅಂತ ಮನೆಮಂದಿಯೆಲ್ಲ ಕೊಡ ಹಿಡಿದು ಓಡುತ್ತಾರೆ. ನಾನೂ ಓಡಿದೆ. ನಳ ತಿರುವಿದ ಮೇಲೆ ನೆನಪಾಯಿತು, ನಮ್ಮ ಓಣಿಗೆ ದಿನದ ಇಪ್ಪತ್ನಾಲ್ಕು ತಾಸೂ ನೀರು ಬರಲು ಶುರುವಾಗಿ ಎರಡು ವರ್ಷವಾಯಿತು! ದಬದಬ ನೀರು ಬಿತ್ತು. ನಳ ಬಂದ್ ಮಾಡಿದೆ. ಸುಂಯ್ ಬಂದ್ ಆಗಲಿಲ್ಲ.

ಫ್ರಿಜ್ಜಿಗೆ ಕಿವಿ ಹಚ್ಚಿ ನೋಡಿದೆ, ಅದು ತನ್ನ ಪಾಡಿಗೆ ಬೇರೆ ರಾಗ ತೆಗೆದಿತ್ತು. ಅಂಗಳಕ್ಕೆ ಹೋದೆ, ಸುಂಯ್ ನನ್ನ ಜೊತೆಗೇ ಅಂಗಳಕ್ಕೆ ಬಂತು. ಅದು ಇದ್ದದ್ದು ನನ್ನ ಬಲಗಿವಿಯಲ್ಲಿ. ಖರೇ ಹೇಳಬೇಕೆಂದರೆ ಇವತ್ತಿಗೆ ನಾಲ್ಕನೆಯ ದಿನ. ಮೊದಲ ದಿನ ಥಂಡಿ ಇರಬಹುದು ಅಂದುಕೊಂಡೆ. ಎರಡನೆಯ ದಿನ ಪಕ್ಕದ ಮನೆಯ ಮಿಕ್ಸರ್ ಇರಬಹುದು, ಮೂರನೆಯ ದಿನ ಬಿಪಿ ಇರಬಹುದು. ಹೀಗೆ ಇರಬಹುದುಗಳನ್ನು ಮಾಲೆಯಂತೆ ಪೋಣಿಸುತ್ತ ಕೂರುವ ಹಾಳು ಚಾಳಿ ನನಗೆ ಹತ್ತಿದ್ದು ಕಾಕಾನಿಂದ. ಆ ಮನುಷ್ಯನ ಮೇಲಿನ ಸಿಟ್ಟು ಅಂಗಳದಲ್ಲಿ ನಿಂತಲ್ಲೇ ಮತ್ತೆ ಭುಗ್ ಅಂತು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ರಾಯಾಪುರದ ಕಡೆಯ ಒಂದು ಸಾಲಿಯಲ್ಲಿ ಭೂಗೋಳದ ಮಾಸ್ತರನಾಗಿದ್ದ. ಉಪ್ಪಿನಬೆಟಗೇರಿಯಿಂದ ಕಾಲೇಜಿಗೆಂದು ಬಂದ ನಾನು ಅವನ ಮನೆಯಲ್ಲೇ ಇದ್ದೆ. ಕಾರವಾರದ ಬಸ್ಸು ನಮ್ಮ ಕಣ್ಣೆದುರೇ ಹೋಗುತ್ತಿತ್ತು, ಆದರೆ ಘಟ್ಟದ ತಿರುವಿಗೆ ವಾಂತಿ ಬರುತ್ತದೆಂದು ಈ ಭೂಪ ಒಮ್ಮೆಯೂ ಸಮುದ್ರ ನೋಡಿರಲಿಲ್ಲ. ಮಾತಾಡುವುದು ಮಾತ್ರ ಸಮುದ್ರದ್ದೇ. ಅವನ ಹತ್ತಿರ ಒಂದು ರಟ್ಟಿನ ಫೈಲಿತ್ತು, ಮೇಲೆ ದುಂಡಗೆ ‘ಸಮುದ್ರದ ಸಪ್ಪಳ’ ಎಂದು ಬರೆದಿದ್ದ. ವಿಜ್ಞಾನಿಗಳು ಕಡಲ ತಳಕ್ಕೆ ಮೈಕು ಇಳಿಬಿಟ್ಟು ಕೇಳಿಸಿಕೊಂಡ, ಯಾವುದೆಂದು ಯಾರಿಗೂ ತಿಳಿಯದ ಸಪ್ಪಳಗಳ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಅದರಲ್ಲಿ ಇಡುತ್ತಿದ್ದ. ಸಂಜೆ ಚಹಾ ಕುಡಿಯುವಾಗ ಫೈಲು ಬಿಚ್ಚಿದನೆಂದರೆ ನಮ್ಮ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

“ಸಾವಿರಾರು ಮೈಲು ದೂರದ ಮೈಕಿಗೆ ಕೇಳಿಸೇತಿ ಅಂದ್ರ ಸಣ್ಣ ಸಪ್ಪಳ ಅಲ್ಲದು. ತಿಮಿಂಗಿಲ ಇರಬಹುದು. ಆದ್ರ ತಿಮಿಂಗಿಲಕ್ಕ ಅಷ್ಟು ದೊಡ್ಡ ದನಿ ಎಲ್ಲಿಂದ ಬರಬೇಕು? ತಳದಾಗ ಜ್ವಾಲಾಮುಖಿ ಇರಬಹುದು. ಹಿಮದ ಗುಡ್ಡ ಬಿರಿತಿರಬಹುದು. ಇಲ್ಲಾ, ಆ ಗುಡ್ಡ ತೇಲಿಕೋತ ಬಂದು ತಳಕ್ಕ ತಿಕ್ಕಿರಬಹುದು.”

“ಇದರಾಗ ಖರೇ ಯಾವುದು ಕಾಕಾ?”

“ಖರೇ ಯಾವುದು ಅನ್ನೂದು ಅವಸರದವರ ಪ್ರಶ್ನಿ,” ಅಂತ ಚಹಾ ಸುರ್ ಅನಿಸುತ್ತಿದ್ದ. ಒಂದು ದಿನ ಸೀಗಡಿಯ ಸರದಿ. ಬೆರಳುದ್ದದ ಸೀಗಡಿ ಕೊಂಡಿಯಿಂದ ಚಿಟಿಕೆ ಹೊಡೆಯುತ್ತದಂತೆ, ಸಾವಿರಗಟ್ಟಲೆ ಸೇರಿ ಹೊಡೆದರೆ ಕಾದ ಎಣ್ಣೆಯಲ್ಲಿ ಮಿರ್ಚಿ ಬಿಟ್ಟಂತೆ ಚಟಪಟ ಸಪ್ಪಳವಂತೆ.

ಕಾಕಾನ ಹೆಂಡತಿ, ಮುಗದ ಹಳ್ಳಿಯ ರೈತರ ಮಗಳಾದ ಕಾಕು ಇಂಥದಕ್ಕೆಲ್ಲ ಸೊಪ್ಪು ಹಾಕುವವಳಲ್ಲ. “ಸೀಗಡಿದು ಆಮ್ಯಾಲ ನೋಡೂಣಂತ್ರಿ. ಒಂಬತ್ತು ದಿನ ಆತು, ನಳಾ ಯಾಕ ಬಂದಿಲ್ಲ, ಅದನ್ನ ಹೇಳ್ರಿ ಮದ್ಲ,” ಅನ್ನುತ್ತಿದ್ದಳು. ಕಾಕಾ ಅದಕ್ಕೂ ಹಿಂಜರಿಯುತ್ತಿರಲಿಲ್ಲ. ವಾಲ್ವ್ ತಿರುವುವವನು ಮದುವೆಗೆ ಹೋಗಿರಬಹುದು, ಕರೆಂಟು ಹೋಗಿರಬಹುದು, ಪೈಪು ಒಡೆದಿರಬಹುದು. ಎದ್ದು ಹೋಗಿ ಕೇಳಿಕೊಂಡು ಬಾ ಅಂದರೆ ಮಾತ್ರ ಕಾಲು ನೋಯುತ್ತಿತ್ತು.

ಕಾಕುವಿನ ಕಿವಿ ಬಹಳ ಚುರುಕು. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಬೀದಿಯ ಕಾಲ್ಸಪ್ಪಳ ಕೇಳಿ ಇಂಥವರೇ ಬಂದರೆಂದು ಹೇಳುತ್ತಿದ್ದಳು. ನಳದ ಗಾಳಿಯೂ ಓಣಿಯಲ್ಲಿ ಮೊದಲು ಕೇಳುತ್ತಿದ್ದದ್ದು ಅವಳಿಗೇ. ಅಂಥವಳು ಒಂದು ಮುಂಜಾನೆ “ನಳಾ ಬಂತು!” ಅಂತ ಕೊಡ ಹಿಡಿದು ಓಡಿದಳು. ನಳ ಒಣಗಿತ್ತು. ತಾಸು ಬಿಟ್ಟು ಮತ್ತೆ ಓಡಿದಳು. ಮೂರನೆಯ ಸಲ ನಾನೂ ಕಾಕಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

“ನಗಬ್ಯಾಡ್ರಿ. ಸುಂಯ್ ಅಂತ ಒಂದ ಸವನ ಒದರಾಕತ್ತೈತಿ. ನಿಮಗ ಕೇಳ್ಸೂದಿಲ್ಲೇನು?”

ನಮಗೆ ಕೇಳಿಸಲಿಲ್ಲ. ಕಾಕಾನ ಮುಖ ಅರಳಿತು. ಮನೆಯೊಳಗೇ ಒಂದು ನಿಗೂಢ ಸಪ್ಪಳ! ಕುರ್ಚಿ ಎಳೆದುಕೊಂಡು ಕೂತ, ಅವನು ಹೇಳುತ್ತಾ ಹೋದ, ನಾನು ನೋಟ್‌ಬುಕ್ಕಿನಲ್ಲಿ ಬರೆದೆ. ಪೈಪಿನ ಗಾಳಿ ಇರಬಹುದು, ಹಿಂದಿನ ಓಣಿಗೆ ನೀರು ಬಿಟ್ಟಿರಬಹುದು, ಹಿಟ್ಟಿನ ಗಿರಣಿ ಇರಬಹುದು, ಗೋಡೆಯೊಳಗೆ ಜೀರುಂಡೆ ಇರಬಹುದು. ಜೀರುಂಡೆ ನನ್ನ ಸ್ವಂತದ್ದು. ಕಾಕಾ ಶಹಬ್ಬಾಸ್ ಅಂದಿದ್ದ. ನಳ ಬಂದ ದಿನ ಪರೀಕ್ಷೆ ಮಾಡೋಣ ಅಂದ. ನಳ ಬಂತು, ಹೋಯಿತು. ಪರೀಕ್ಷೆ ಮುಂದಿನ ನಳಕ್ಕೆ ಹೋಯಿತು. ಕಿವಿಯೊಳಗೇ ಏನೋ ಆಗಿರಬಹುದೆಂಬ ಒಂದು ಸಾಲು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಇಷ್ಟು ಓದಿದ ಇಬ್ಬರ ತಲೆಯಲ್ಲಿ ಸಗಣಿ ತುಂಬಿತ್ತೋ ಏನೋ!

ಮೂರನೆಯ ನಳದ ದಿನ ಕೊಡ ತುಂಬಿ ಹರಿಯುತ್ತಿತ್ತು, ಕಾಕು ಬೆನ್ನು ಮಾಡಿ ನಿಂತಿದ್ದಳು. ಅವಳ ಎಡಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿದ್ದ ಕಾಕಾ “ಏ, ನೀರು ಹರಿಯಾಕತ್ತೈತಿ!” ಅಂತ ಕೂಗಿದ. ಕಾಕು ಬಲಕ್ಕೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಮತ್ತೆ ಕೂಗಿದ. ಮತ್ತೆ ಬಲಕ್ಕೇ ನೋಡಿ, “ಎಲ್ಲದೀರಿ?” ಅಂದಳು. ಕಾಕಾನ ಕೈಯಲ್ಲಿದ್ದ ಚೊಂಬು ಠಣ್ ಅಂತ ಬಿತ್ತು.

ಕಿವಿಯ ಡಾಕ್ಟರು ಎಷ್ಟು ದಿನವಾಯಿತೆಂದು ಕೇಳಿದರು. “ಮೂರು ನಳಾ ಆತ್ರಿ,” ಅಂದಳು ಕಾಕು. ಡಾಕ್ಟರು ಊರಿನವರೇ, ಹತ್ತಿರ ಹತ್ತಿರ ಮೂರು ವಾರವೆಂದು ಲೆಕ್ಕ ಹಾಕಿ ಮುಖ ಸಣ್ಣದು ಮಾಡಿದರು. “ಇಂಥಾದ್ದಕ್ಕ ಮದ್ಲಿನ ನಾಕೆಂಟು ದಿನ ಭಾಳ ಮುಖ್ಯರಿ. ಲಗೂ ಬಂದಿದ್ರ ಉಳಿಯೂ ಸಾಧ್ಯತೆ ಇತ್ತು.” ಗುಳಿಗೆ ಕೊಟ್ಟರು. ಎಡಗಿವಿ ಮರಳಿ ಬರಲಿಲ್ಲ.

ಕಾಕಾ ಆ ಫೈಲನ್ನು ಮತ್ತೆ ಬಿಚ್ಚಲಿಲ್ಲ. ಮುಂದೆ ಯಾವಾಗಲೋ ಪೇಪರಿನಲ್ಲಿ ಓದಿದೆ, ಅವನು ಹೇಳುತ್ತಿದ್ದ ಆ ಭಾರೀ ಸಪ್ಪಳ ಹಿಮದ ಗುಡ್ಡ ಬಿರಿದದ್ದಂತೆ. ಓಡಿಹೋಗಿ ತೋರಿಸಿದೆ. “ಹೌದೇನು,” ಅಂದು ಅವರೆಕಾಯಿ ಸುಲಿಯುತ್ತ ಕೂತ. ಮೊದಲೆಲ್ಲ ಪೇಟೆಗೆ ಹೊರಟರೆ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯುತ್ತಿದ್ದ ಗಂಡಸು, ಈಗ ಅವಳ ಬಲಕ್ಕೇ ನಡೆಯತೊಡಗಿದ. ಮದುವೆಯ ಪಂಕ್ತಿಯಲ್ಲಿ ಅವಳ ಬಲಕ್ಕೆ ಬೇರೆ ಯಾರಾದರೂ ಕೂತಿದ್ದರೆ ಎಬ್ಬಿಸುತ್ತಿದ್ದ. ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಷ್ಟು ದೊಡ್ಡ ತಪ್ಪಿಗೆ ಇಷ್ಟೇ ಪ್ರಾಯಶ್ಚಿತ್ತವೇ? ಪಟ್ಟಿ ಬರೆದ ಕೈ ನನ್ನದೇ ಎಂಬುದನ್ನು ಮಾತ್ರ ಜಾಣತನದಿಂದ ಮರೆಯುತ್ತಿದ್ದೆ. ಕಾಕು ಮಾತ್ರ ಒಮ್ಮೆಯೂ ನಮ್ಮಿಬ್ಬರನ್ನು ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು.

ಅದಕ್ಕೇ ಇವತ್ತು ಬೆಳಿಗ್ಗೆ ಕಾಕಾನನ್ನು ಬೈಯಲೆಂದೇ ಫೋನು ಹಚ್ಚಿದೆ. ಈಗ ಎಂಬತ್ತರ ಹತ್ತಿರ, ಕಾಕುವಿನ ಜೊತೆ ಮುಂದಿನ ಓಣಿಯಲ್ಲೇ ಇದ್ದಾನೆ. “ನಿನ್ನ ಚಾಳಿ ನನಗ ಅಂಟೇತಿ ನೋಡು. ನಾಕು ದಿನದಿಂದ ಕಿವ್ಯಾಗ ಸುಂಯ್ ಅನ್ನಾಕತ್ತೈತಿ, ಥಂಡಿ ಇರಬಹುದು ಅನಕೋತ ಕುಂತೇನಿ…”

“ಇರಬಹುದು ಅಂದ್ರ ಕಪಾಳಕ್ಕ ಬಿಗಿತೇನಿ,” ಅಂದ. “ಚಪ್ಪಲಿ ಹಾಕ್ಕೋ.”

ಹತ್ತು ನಿಮಿಷದಲ್ಲಿ ಬಾಗಿಲಿಗೆ ಆಟೋ ಬಂತು. ಕಾಕಾ ಒಳಗೆ ಬಲಕ್ಕೆ ಸರಿದು ಕೂತಿದ್ದ, ಅವಸರಕ್ಕೆ ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ. ನಾನು ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಏನೋ ಹೇಳುತ್ತಲೇ ಇದ್ದ, ನನಗೆ ಸುಂಯ್ ಬಿಟ್ಟು ಬೇರೇನೂ ಕೇಳಲಿಲ್ಲ.

“ಕಾಕಾ,” ಅಂದೆ, “ಕಾಕುಂದು ಎಡಗಿವಿ. ನಂದು ಬಲಗಿವಿ!”

“ಏ ತಮ್ಮಾ, ನಿಂದರಸು!” ಅಂತ ಕಾಕಾ ನಡುದಾರಿಯಲ್ಲಿ ಆಟೋ ನಿಲ್ಲಿಸಿದ. ನನ್ನನ್ನು ಇಳಿಸಿ, ಕೋಲೂರಿ ತಾನೂ ಇಳಿದು, ನನ್ನನ್ನು ಮೊದಲು ಒಳಗೆ ಹತ್ತಿಸಿ, ಏದುಸಿರು ಬಿಡುತ್ತ ಬಂದು ನನ್ನ ಎಡಕ್ಕೆ ಕೂತ. ಹಿಂದಿನ ಬಸ್ಸಿನವನು ಹಾರ್ನು ಒತ್ತೇ ಒತ್ತಿದ. “ಅಜ್ಜಾರ, ಹತ್ತೂದು ಇಳಿಯೂದು ಮುಗೀತೇನ್ರಿ?” ಅಂದ ಆಟೋದವನು. ನಾನು ಹಣೆ ಹಣೆ ಬಡಿದುಕೊಂಡೆ.

ಕಾಕಾ ನನ್ನ ಎಡಗಿವಿಗೆ ಬಾಯಿ ಹಚ್ಚಿ, “ಈಗ ಕೇಳ್ಸತೈತೇನು?” ಅಂದ.

“ಕೇಳ್ಸತೈತಿ. ಒದರಬ್ಯಾಡ,” ಅಂದೆ.